ಮಂಡಿ ಬಾಗಿಲು ಹಾಕದೆ ನಿಯಮ ಬದಲಿಸುವುದು: ಓಡುತ್ತಿರುವ ಪೈಥಾನ್‌ಗೆ ಮಾಡ್ಯೂಲ್ ತುಂಬುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ನನ್ನ ಸೋದರಮಾವ ಲೆಕ್ಕ ಬರೆಯುತ್ತಾರೆ. ಕೆಲವು ವರ್ಷದ ಹಿಂದೆ ಅವರ ಕೌಂಟರಿಗೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಲಾಟಿನ ತೂಕ, ಅಡಿಕೆಯ ಬಗೆ, ಟೆಂಡರ್‌ನಲ್ಲಿ ಬಿದ್ದ ದರ ಹಾಕಿದರೆ ಸಾಕು. ಚೀಲದ ತೂಕ, ಹಮಾಲಿ, ಮತ್ತೊಂದು ಮಗದೊಂದು ಕಳೆದು ರೈತನ ಕೈಗೆ ಕೊಡುವ ಪಟ್ಟಿ ಅಚ್ಚಾಗಿ ಬರುತ್ತಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಗೆ ನಾಲ್ಕು ನಿಯಮ. ಎಲ್ಲವನ್ನೂ ಒಂದೇ ಫೈಲಿನಲ್ಲಿ ‘ಇದಾದರೆ ಹೀಗೆ, ಅದಾದರೆ ಹಾಗೆ’ ಎಂದು ಉದ್ದಕ್ಕೆ ಹೊಸೆದಿದ್ದೆ.

ಸುಗ್ಗಿಯ ಒಂದು ಮಧ್ಯಾಹ್ನ ಸಾಗರದ ಕಡೆಯಿಂದ ಚಾಲಿ ಬಂತು. ಚಾಲಿ ಎಂದರೆ ಹಣ್ಣಡಿಕೆಯನ್ನು ಬೇಯಿಸದೆ ಬಿಸಿಲಿಗೆ ಒಣಗಿಸಿ ಸುಲಿದದ್ದು. ನನ್ನ ಪ್ರೋಗ್ರಾಮಿಗೆ ಆ ಹೆಸರೇ ಗೊತ್ತಿರಲಿಲ್ಲ. ಮಾವ ಫೋನ್ ಮಾಡಿದರು. ಎರಡು ಸಾಲು ಸೇರಿಸಿ ಕಳಿಸುತ್ತೇನೆ, ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿ ಎಂದೆ. ಅರ್ಧ ತುಂಬಿದ ಏಳೆಂಟು ಲಾಟು ಪರದೆಯ ಮೇಲಿತ್ತು. ನಿಲ್ಲಿಸಿದರೆ ಅಷ್ಟೂ ಹೋಗುತ್ತಿತ್ತು. ಅದನ್ನು ಡಿಸ್ಕಿಗೆ ಉಳಿಸಿಡದ ತಪ್ಪು ನನ್ನದೇ.

“ಎಂಥ ಮಾರಾಯ, ಎರಡು ಸಾಲು ತಿದ್ದಕ್ಕೆ ಇಡೀ ಅಂಗಡಿ ಬಾಗಿಲು ಹಾಕ್ಬೇಕಾ?” ಎಂದರು ಮಾವ.

ಹಾಕಬೇಕಾಗಿಲ್ಲ. ಆದರೆ ಯಾಕೆ ಬೇಕಾಗಿಲ್ಲ ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೇ ಎಷ್ಟೋ ವಿಷಯ ಸರಿಯಾಗಿ ಗೊತ್ತಿಲ್ಲ ಎಂಬುದು ತಿಳಿಯಿತು. ಆಮೇಲೆ ಕಲಿತದ್ದನ್ನು ಅವರಿಗೆ ಹೇಳಿದ ಹಾಗೆಯೇ, ಕೋಡಿನ ಸಾಲುಗಳಿಲ್ಲದೆ, ಇಲ್ಲಿ ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಮಾಡ್ಯೂಲನ್ನು, ಅಂದರೆ ಸಾಮಾನ್ಯವಾಗಿ ಬೇರೊಂದು ಫೈಲಿನಲ್ಲಿರುವ ಕೋಡನ್ನು, ತರಿಸಿಕೊಳ್ಳಲು ಫೈಲಿನ ತಲೆಯಲ್ಲಿ ಬರೆಯುವ ‘ಇಂಪೋರ್ಟ್’ ಸಾಲುಗಳನ್ನು ಪ್ರೋಗ್ರಾಂ ಶುರುವಾಗುವ ಮೊದಲೇ ಯಾರೋ ಓದಿ ಜೋಡಿಸಿಡುತ್ತಾರೆ ಎಂದು ಹಲವರು ತಿಳಿದಿರುತ್ತಾರೆ. ಸಿ ಭಾಷೆಯಿಂದ ಬಂದವರಿಗಂತೂ ಹಾಗೆ ಅನ್ನಿಸುವುದು ಸಹಜ. ಪೈಥಾನ್‌ನಲ್ಲಿ ಹಾಗಿಲ್ಲ. ಇಂಪೋರ್ಟ್ ಕೂಡ ಕೂಡು, ಕಳೆ ಎಂಬಂಥದೇ ಒಂದು ಆಜ್ಞೆ. ಆ ಸಾಲಿಗೆ ಬಂದಾಗಲೇ ಅದು ನಡೆಯುತ್ತದೆ. ಫಂಕ್ಷನ್ ಎಂಬ, ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಂಡಿನ ಒಳಗೆ ಬರೆದರೆ ಆ ಫಂಕ್ಷನ್ ಕರೆದಾಗ, ‘ಇದಾದರೆ’ ಎಂಬುದರ ಅಡಿಯಲ್ಲಿ ಬರೆದರೆ ಹಾಗಾದಾಗ ಮಾತ್ರ. ಅಂದರೆ ಓಡುವಾಗ ಮಾಡ್ಯೂಲ್ ತುಂಬಿಕೊಳ್ಳುವುದು ಪೈಥಾನ್‌ನ ವಿಶೇಷ ವಿದ್ಯೆಯೇನಲ್ಲ. ಅಲ್ಲಿ ಎಲ್ಲ ಇಂಪೋರ್ಟೂ ಓಡುವಾಗಲೇ ಆಗುವುದು. ತುಂಬಬೇಕಾದ ಹೆಸರನ್ನು ನೀವು ಕೋಡಿನಲ್ಲಿ ಕೈಯಾರೆ ಬರೆದಿದ್ದೀರೋ, ಅಥವಾ ಅದು ಬೇರೆಲ್ಲಿಂದಲೋ ಅಕ್ಷರಗಳ ಸರವಾಗಿ ಬರುತ್ತದೋ ಎಂಬುದಷ್ಟೇ ವ್ಯತ್ಯಾಸ.

ಇಂಪೋರ್ಟ್ ಎಂದಾಗ ಒಳಗೆ ಏನಾಗುತ್ತದೆ? ಪೈಥಾನ್ ಮೊದಲು ಒಂದು ಹಾಜರಿ ಪುಸ್ತಕ ತೆಗೆಯುತ್ತದೆ. ಅದರ ಹೆಸರು ಸಿಸ್ ಡಾಟ್ ಮಾಡ್ಯೂಲ್ಸ್. ಅದೊಂದು ಮಾಮೂಲಿ ಡಿಕ್ಷನರಿ: ಎಡಕ್ಕೆ ಮಾಡ್ಯೂಲಿನ ಹೆಸರು, ಬಲಕ್ಕೆ ಮಾಡ್ಯೂಲು. ಏನೂ ಬರೆಯದೆ ಖಾಲಿ ಪೈಥಾನ್ ತೆರೆದು ನೋಡಿದರೂ ಅದರಲ್ಲಿ ಹತ್ತಾರು ಹೆಸರು ಆಗಲೇ ಇರುತ್ತವೆ. ಕೇಳಿದ ಹೆಸರು ಪುಸ್ತಕದಲ್ಲಿ ಸಿಕ್ಕಿತೋ, ಕೆಲಸ ಮುಗಿಯಿತು, ಅದನ್ನೇ ಎತ್ತಿ ಕೊಡುತ್ತದೆ. ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಆ ಫೈಲನ್ನು ನೀವು ಈಗಷ್ಟೇ ತಿದ್ದಿರಬಹುದು, ಅಳಿಸಿಯೇ ಹಾಕಿರಬಹುದು, ಅದಕ್ಕೆ ಸಂಬಂಧವಿಲ್ಲ. ಈ ಒಂದು ಸಂಗತಿ ನೆನಪಿಟ್ಟರೆ ಮುಂದಿನ ಅರ್ಧ ಗೋಜಲು ತಾನಾಗಿ ಬಿಡುತ್ತದೆ.

ಪುಸ್ತಕದಲ್ಲಿ ಇಲ್ಲದಿದ್ದರೆ ಹುಡುಕುವವರ ಸರದಿ. ಇವರ ಪಟ್ಟಿ ಸಿಸ್ ಡಾಟ್ ಮೆಟಾ ಪಾತ್‌ನಲ್ಲಿದೆ. ಒಬ್ಬ ಪೈಥಾನ್‌ನ ಹೊಟ್ಟೆಯೊಳಗೇ ಇರುವ ಮಾಡ್ಯೂಲ್‌ಗಳನ್ನು ಬಲ್ಲವನು. ಇನ್ನೊಬ್ಬ ಸಿಸ್ ಡಾಟ್ ಪಾತ್ ಎಂಬ ಫೋಲ್ಡರ್ ಪಟ್ಟಿ ಹಿಡಿದು ಒಂದೊಂದೇ ಬಾಗಿಲು ತಟ್ಟುವವನು. ಮೊದಲು ಎಲ್ಲಿ ಸಿಕ್ಕಿತೋ ಅದೇ ಅಂತಿಮ, ಮುಂದಿನ ಮನೆಗೆ ಹೋಗುವುದಿಲ್ಲ. ಸಿಕ್ಕಾಗ ಒಂದು ಚೀಟಿ ಬರೆದುಕೊಡುತ್ತಾನೆ: ಹೆಸರು ಇದು, ಇರುವ ಜಾಗ ಇದು, ತುಂಬಿಕೊಡುವವನು ಇವನು. ಆ ಚೀಟಿಗೆ ಸ್ಪೆಕ್ ಎನ್ನುತ್ತಾರೆ, 3.4ನೇ ಆವೃತ್ತಿಯಿಂದ ಅದು ರೂಢಿಯಲ್ಲಿದೆ.

ಮೊದಲು ಸಿಕ್ಕಿದ್ದೇ ಅಂತಿಮ ಎಂಬುದರಲ್ಲಿ ನಾನೊಮ್ಮೆ ಚೆನ್ನಾಗಿ ಜಾರಿ ಬಿದ್ದಿದ್ದೇನೆ. ಕೊನೆ ಕೊಯ್ಲಿನ ದಿನಗಳನ್ನು ಗುರುತಿಡುವ ಒಂದು ಫೈಲಿಗೆ ‘ಕ್ಯಾಲೆಂಡರ್’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟೆ. ಅದೇ ಹೆಸರಿನ ಮಾಡ್ಯೂಲು ಪೈಥಾನ್ ಜೊತೆಗೇ ಬರುತ್ತದೆ. ಪ್ರೋಗ್ರಾಂ ಇರುವ ಫೋಲ್ಡರ್ ಸಾಮಾನ್ಯವಾಗಿ ಪಟ್ಟಿಯ ತಲೆಯಲ್ಲೇ ಇರುವುದರಿಂದ, ದಿನಾಂಕದ ಲೆಕ್ಕಕ್ಕೆಂದು ಅಸಲಿ ಕ್ಯಾಲೆಂಡರ್ ಕೇಳಿದ ಬೇರೆಯವರು ಬರೆದ ಸಿದ್ಧ ಕೋಡಿನ ಕಟ್ಟಿನ, ಅಂದರೆ ಒಂದು ಲೈಬ್ರರಿಯ ಕೈಗೆ ನನ್ನ ಅಡಿಕೆ ಕೊಯ್ಲು ಸಿಕ್ಕಿತು. ಅದು ಎಲ್ಲೋ ಆಳದಲ್ಲಿ, ನನಗೆ ಗುರುತೇ ಇಲ್ಲದ ಸಾಲಿನಲ್ಲಿ ಕೂಗಿಕೊಂಡು ಬಿತ್ತು. ಇಂಥದ್ದಾದಾಗ ‘ನಿಮ್ಮ ಫೈಲಿನ ಹೆಸರು ಬದಲಿಸಿ ನೋಡಿ’ ಎಂದು 3.13ನೇ ಆವೃತ್ತಿಯಿಂದ ಪೈಥಾನೇ ಸೂಚಿಸುತ್ತದೆ. ನನ್ನ ಕಾಲಕ್ಕೆ ಆ ಭಾಗ್ಯ ಇರಲಿಲ್ಲ.

ಚೀಟಿ ಸಿಕ್ಕ ಮೇಲೆ ತುಂಬುವ ಕೆಲಸ. ಒಂದು ಖಾಲಿ ಮಾಡ್ಯೂಲು ಹುಟ್ಟುತ್ತದೆ. ಅದನ್ನು ಮೊದಲು ಹಾಜರಿ ಪುಸ್ತಕಕ್ಕೆ ಸೇರಿಸುತ್ತದೆ. ಆಮೇಲೆ ಫೈಲನ್ನು ಮೇಲಿನಿಂದ ಕೆಳಕ್ಕೆ ಓಡಿಸುತ್ತದೆ. ಓಡಿಸಿ ಮುಗಿದಾಗ ಉಳಿದ ಹೆಸರುಗಳೇ, ಅಂದರೆ ಫಂಕ್ಷನ್ನು, ಕ್ಲಾಸು (ಒಂದೇ ಬಗೆಯ ವಸ್ತುಗಳನ್ನು ಹುಟ್ಟಿಸುವ ಅಚ್ಚು), ಅಂಕಿ ಸಂಖ್ಯೆಗಳೇ ಆ ಮಾಡ್ಯೂಲಿನ ಆಸ್ತಿ. ಓಡಿಸುವ ಮುಂಚೆಯೇ ಹಾಜರಿ ಹಾಕುವುದು ವಿಚಿತ್ರ ಅನ್ನಿಸಬಹುದು. ‘ರಾಶಿ’ ಫೈಲು ‘ತೂಕ’ವನ್ನು ಕರೆದು, ‘ತೂಕ’ ತಿರುಗಿ ‘ರಾಶಿ’ಯನ್ನು ಕರೆದರೆ? ಹಾಜರಿ ಮೊದಲೇ ಬಿದ್ದಿರದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಲೇ ಇರುತ್ತಿದ್ದರು. ಈಗ ಎರಡನೆಯವನಿಗೆ ಅರ್ಧ ತುಂಬಿದ ‘ರಾಶಿ’ ಸಿಗುತ್ತದೆ. ಅದರಲ್ಲಿ ಇನ್ನೂ ಹುಟ್ಟದ ಹೆಸರನ್ನು ಕೇಳಿದರೆ ತಪ್ಪು ಎನ್ನುತ್ತದೆ. ಸುತ್ತು ಇಂಪೋರ್ಟ್ ಎಂದು ಎಲ್ಲರೂ ಬೈಯುವ ರೋಗ ಇದೇ.

ಈ ಯಂತ್ರವೆಲ್ಲ ಮೊದಲು ಸಿ ಭಾಷೆಯ ಕೋಡಿನಲ್ಲಿ ಹೂತುಹೋಗಿತ್ತು. 2012ರ 3.3ನೇ ಆವೃತ್ತಿಯಲ್ಲಿ ಅದನ್ನು ಇಂಪೋರ್ಟ್‌ಲಿಬ್ ಎಂಬ ಪೈಥಾನ್ ಕೋಡಿನ ಮೇಲೆ ಕೂರಿಸಿದರು. ಈಗ ಯಾರು ಬೇಕಾದರೂ ತೆರೆದು ಓದಬಹುದು. ನಮಗೆ ಬೇಕಾದ ಉಪಕರಣವೂ ಅದರಲ್ಲೇ ಇದೆ. ಇಂಪೋರ್ಟ್ ಮಾಡ್ಯೂಲ್ ಎಂಬ ಆ ಫಂಕ್ಷನ್ನಿಗೆ ಹೆಸರನ್ನು ಸರವಾಗಿ ಕೊಟ್ಟರೆ ಮಾಡ್ಯೂಲು ಕೈಗೆ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ ಹಿಂದೆ ಮುಂದೆ ಎರಡೆರಡು ಅಡಿಗೆರೆ ಇರುವ ಇನ್ನೊಂದು ಇಂಪೋರ್ಟ್ ಫಂಕ್ಷನ್ ಸಿಗುತ್ತದೆ. ಅದಕ್ಕೆ ‘ನಿಯಮ’ ಎಂಬ ಫೋಲ್ಡರಿನೊಳಗಿನ ಚಾಲಿ ಬೇಕೆಂದು ‘ನಿಯಮ ಡಾಟ್ ಚಾಲಿ’ ಎಂದರೆ ಚಾಲಿಯ ಬದಲು ‘ನಿಯಮ’ವನ್ನು ತಂದುಕೊಡುತ್ತದೆ. ಅದನ್ನು ಬಿಟ್ಟುಬಿಡಿ.

ಮಾವನ ಪ್ರೋಗ್ರಾಮನ್ನು ನಾನು ಹೀಗೆ ಒಡೆದೆ. ‘ನಿಯಮ’ ಎಂಬ ಫೋಲ್ಡರ್. ಒಳಗೆ ಒಂದು ಬಗೆಗೆ ಒಂದು ಫೈಲು: ಸರಕು, ಬೆಟ್ಟೆ, ರಾಶಿ, ಗೊರಬಲು, ಚಾಲಿ. ಪ್ರತಿ ಫೈಲಿನಲ್ಲೂ ‘ಲೆಕ್ಕ’ ಎಂಬ ಒಂದು ಫಂಕ್ಷನ್ ಇರಲೇಬೇಕು. ಲಾಟು ಕೊಟ್ಟರೆ ಮೊತ್ತ ಕೊಡಬೇಕು. ಇಷ್ಟೇ ಕರಾರು. ಯಾವ್ಯಾವ ಬಗೆ ಚಾಲ್ತಿಯಲ್ಲಿದೆ ಎಂಬುದು ಪಕ್ಕದ ಒಂದು ಪಠ್ಯ ಫೈಲಿನಲ್ಲಿ. ಮುಖ್ಯ ಪ್ರೋಗ್ರಾಮಿಗೆ ಚಾಲಿ ಎಂದರೇನು ಎಂದು ಈಗಲೂ ಗೊತ್ತಿಲ್ಲ. ಪಠ್ಯದಿಂದ ಹೆಸರು ಓದುತ್ತದೆ, ಮಾಡ್ಯೂಲ್ ಕರೆಸುತ್ತದೆ, ಅದರಲ್ಲಿ ‘ಲೆಕ್ಕ’ ಎಂಬುದನ್ನು ಹೆಸರು ಹಿಡಿದು ಹೊರಗೆಳೆಯುತ್ತದೆ. ಆ ಉದ್ದದ ‘ಇದಾದರೆ ಹೀಗೆ’ ಸರಪಳಿ ಪೂರ್ತಿ ಮಾಯ.

ಫೈಲುಗಳ ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ, ಹೌದು. 2008ರಲ್ಲಿ ಬಂದ 3.0ನೇ ಆವೃತ್ತಿಯಿಂದ ಪೈಥಾನ್ ಇದನ್ನು ಒಪ್ಪುತ್ತದೆ. ಆದರೆ ಕನ್ನಡಿಗರಿಗೆಂದೇ ಕಾದಿರುವ ಒಂದು ಮುಳ್ಳಿದೆ. ‘ಟೆಂಡರ್‌ದರ’ ಎಂದು ಸರಿಯಾಗಿ ಮೂಡಬೇಕಾದರೆ ರ್ ಆದಮೇಲೆ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಹಾಕಬೇಕು, ಇಲ್ಲದಿದ್ದರೆ ‘ಟೆಂಡರ್ದರ’ ಎಂದು ಅರ್ಕಾವತ್ತು ಕೂತುಬಿಡುತ್ತದೆ. ಕೋಡಿನಲ್ಲಿ ಹೆಸರಾಗಿ ಬರೆದಾಗ ಆ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಸರವಾಗಿ ಕೊಟ್ಟರೆ ಮಾತ್ರ ತಕರಾರಿಲ್ಲ, ಏಕೆಂದರೆ ಸರದ ಒಳಗಿನ ಹೆಸರನ್ನು ವ್ಯಾಕರಣ ನೋಡುವುದಿಲ್ಲ, ಹಾಗೇ ಫೈಲು ಹುಡುಕಲು ಹೋಗುತ್ತದೆ. ‘ಸರಕು’, ‘ಚಾಲಿ’ಯಂಥ ಹೆಸರು ಇಟ್ಟುಕೊಂಡರೆ ಈ ಜಂಜಾಟವೇ ಇಲ್ಲ.

ಇಷ್ಟರ ಮೇಲೆ ಬೆಲೆಯೂ ತೆರಬೇಕಲ್ಲ. ಹೆಸರು ಸರವಾದ ಕ್ಷಣ ಕಾಗುಣಿತದ ತಪ್ಪು ಕಣ್ಣಿಗೆ ಬೀಳುವುದು ತಡವಾಗುತ್ತದೆ. ಪಠ್ಯ ಫೈಲಿನಲ್ಲಿ ‘ಚಾಲಿ’ ಬದಲು ‘ಛಾಲಿ’ ಎಂದಿದ್ದರೆ ಬೆಳಿಗ್ಗೆ ಎಲ್ಲ ಸರಿ, ಸಂಜೆ ನಾಲ್ಕಕ್ಕೆ ಮೊದಲ ಚಾಲಿ ಲಾಟು ತಕ್ಕಡಿಗೆ ಬಂದಾಗ ಮುಗ್ಗರಿಸುತ್ತದೆ. ಹಾಗಾಗಿ ನನ್ನ ಮತ ಇದು: ಪಟ್ಟಿಯಲ್ಲಿರುವ ಎಲ್ಲವನ್ನೂ ಶುರುವಿನಲ್ಲೇ ಕರೆಸಿ, ‘ಲೆಕ್ಕ’ ಇದೆಯೇ, ಅದನ್ನು ಕರೆಯಲು ಬರುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ ಬಾಗಿಲು ತೆಗೆಯುವಾಗಲೇ ಜಗಳ ಆಡಬೇಕು. ಎಲ್ಲವನ್ನೂ ಮೊದಲೇ ಕರೆಸಿದರೆ ಡೈನಾಮಿಕ್, ಅಂದರೆ ಓಡುತ್ತಿರುವಾಗ ಬೇಕಾದ್ದನ್ನು ತುಂಬುವುದು, ಎಲ್ಲಿ ಬಂತು ಎಂದು ಕೇಳಬಹುದು. ಕೋಡು ಮುಟ್ಟದೆ ಬದಲಾಗಬೇಕಾದ್ದು ಪಟ್ಟಿ, ಕರೆಸುವ ಹೊತ್ತಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮಾಡ್ಯೂಲ್ ಸಿಗದಿದ್ದರೆ ಬರುವ ತಪ್ಪನ್ನು ಹಿಡಿದು ‘ಚಾಲಿ ಫೈಲು ಇಲ್ಲ’ ಎಂದು ಅಚ್ಚು ಹಾಕುವುದು ಸುಲಭ. ಆದರೆ ಚಾಲಿ ಫೈಲು ಇದ್ದು, ಅದು ಕೇಳಿದ ಬೇರೊಂದು ಲೈಬ್ರರಿ ಇಲ್ಲದಿದ್ದರೂ ಅದೇ ಜಾತಿಯ ತಪ್ಪೇ ಬರುತ್ತದೆ. ಯಾವ ಹೆಸರು ಸಿಗಲಿಲ್ಲ ಎಂಬುದು ಆ ತಪ್ಪಿನ ಒಳಗೇ ಇರುತ್ತದೆ. ಅದನ್ನು ಓದದೆ, ಇರುವ ಫೈಲನ್ನು ಹುಡುಕುತ್ತಾ ನಾನು ಒಂದು ಭಾನುವಾರ ಕಳೆದಿದ್ದೇನೆ.

ತಡವಾಗಿ ಕರೆಸುವುದಕ್ಕೂ ಜಾಗವಿದೆ. ಬಯಲಾಟದ ಚೌಕಿಯಲ್ಲಿ ಬೆಳಗಿನ ಜಾವ ರಂಗಕ್ಕೆ ಬರುವ ಬಣ್ಣದ ವೇಷ ಸಂಜೆ ಏಳಕ್ಕೇ ಬಣ್ಣ ಹಚ್ಚಿಕೊಂಡು ಕೂರುವುದಿಲ್ಲ. ತಿಂಗಳಿಗೊಮ್ಮೆ ಎಕ್ಸೆಲ್ ವರದಿ ತೆಗೆಯಲು ಬೇಕಾಗುವ ದೊಡ್ಡ ಲೈಬ್ರರಿಯೂ ಹಾಗೇ. ಅದರ ಇಂಪೋರ್ಟನ್ನು ವರದಿಯ ಫಂಕ್ಷನ್ನಿನ ಒಳಗಿಟ್ಟರೆ ಮಂಡಿಯ ಹಳೆಯ ಕಂಪ್ಯೂಟರ್ ಬೆಳಿಗ್ಗೆ ಬೇಗ ಏಳುತ್ತದೆ.

ಈಗ ಮಾವ ಕೇಳಿದ ಅಸಲಿ ಪ್ರಶ್ನೆಗೆ ಬರೋಣ. ಹೊಸ ಫೈಲು ಸೇರಿಸುವುದು ಆಯಿತು. ಆಗಲೇ ತುಂಬಿಕೊಂಡಿರುವ ಫೈಲನ್ನು ತಿದ್ದಿದರೆ? ಮತ್ತೆ ಇಂಪೋರ್ಟ್ ಎಂದರೆ ಪ್ರಯೋಜನವಿಲ್ಲ, ಹಾಜರಿ ಪುಸ್ತಕದಿಂದ ಹಳೆಯದೇ ಬರುತ್ತದೆ. ಅದಕ್ಕೆಂದೇ ಇಂಪೋರ್ಟ್‌ಲಿಬ್‌ನಲ್ಲಿ ರೀಲೋಡ್ ಇದೆ. ಕೇಳಲು ಎಷ್ಟು ಚಂದ! ನಾನು ರಾಶಿಯ ನಿಯಮ ತಿದ್ದಿದೆ, ರೀಲೋಡ್ ಮಾಡಿಸಿದೆ, ಪರದೆಯ ಮೇಲೆ ‘ಆಯಿತು’ ಎಂದು ಬಂತು. ಮಾವನ ಪಟ್ಟಿಯಲ್ಲಿ ಮಾತ್ರ ಹಳೇ ಲೆಕ್ಕವೇ ಅಚ್ಚಾಗುತ್ತಿತ್ತು.

ರೀಲೋಡ್ ಏನು ಮಾಡುತ್ತದೆ ಎನ್ನಲು ನಮ್ಮ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೇ ಸರಿ. ರೀಲೋಡ್ ಹೊಸ ಭರಣಿ ತರುವುದಿಲ್ಲ. ಅದೇ ಭರಣಿಗೆ ಹೊಸ ಮಿಡಿ ಸುರಿಯುತ್ತದೆ. ಭರಣಿಯಿಂದಲೇ ಪ್ರತಿ ಸಲ ಬಡಿಸಿಕೊಳ್ಳುವವರಿಗೆ ಹೊಸದು ಸಿಗುತ್ತದೆ. ಆದರೆ ನಾನು ಮುಖ್ಯ ಪ್ರೋಗ್ರಾಮಿನಲ್ಲಿ ‘ಲೆಕ್ಕ’ವನ್ನು ಮೊದಲೇ ಹೊರಗೆ ತೆಗೆದು ಬೇರೆ ಹೆಸರಿಗೆ ಕಟ್ಟಿಟ್ಟಿದ್ದೆ. ತಟ್ಟೆಗೆ ಬಿದ್ದಿದ್ದು ಹಳೇ ಮಿಡಿ, ಭರಣಿ ತುಂಬಿದ್ದು ತಟ್ಟೆಗೆ ತಿಳಿಯುವುದಿಲ್ಲ. ಒಂದು ಮಾಡ್ಯೂಲಿನಿಂದ ಇಂಥದ್ದೊಂದನ್ನು ಮಾತ್ರ ಆರಿಸಿ ತರುವ ಇಂಪೋರ್ಟ್ ಬರೆದಲ್ಲೆಲ್ಲ ಇದೇ ಆಗುತ್ತದೆ.

ಅಷ್ಟೇ ಅಲ್ಲ, ಸುರಿಯುವ ಮೊದಲು ಭರಣಿ ತೊಳೆಯುವುದೂ ಇಲ್ಲ. ಹೊಸ ಫೈಲಿನಲ್ಲಿ ನೀವು ತೆಗೆದುಹಾಕಿದ ಫಂಕ್ಷನ್ ಹಳೆಯ ಮಾಡ್ಯೂಲಿನ ತಳದಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ಯಾರಾದರೂ ಕರೆದರೆ ಇವತ್ತು ನಡೆಯುತ್ತದೆ, ನಾಳೆ ಪ್ರೋಗ್ರಾಂ ಹೊಸದಾಗಿ ಎದ್ದ ಮೇಲೆ ಬೀಳುತ್ತದೆ. ಇನ್ನು ಫೈಲು ಅರ್ಧ ಓಡಿ ತಪ್ಪಿನಿಂದ ನಿಂತರೆ ಮೇಲಿನರ್ಧ ಹೊಸದು, ಕೆಳಗಿನರ್ಧ ಹಳೆಯದು. ಹಣದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ನನಗಂತೂ ತೋಚುವುದಿಲ್ಲ. ಪೂರ್ತಿ ಬಿದ್ದುಹೋದರೆ ಗೊತ್ತಾದರೂ ಆಗುತ್ತದೆ. ವ್ಯಾಕರಣದ ತಪ್ಪಾದರೆ ಒಳ್ಳೆಯದೇ, ಓಡಿಸುವ ಮೊದಲೇ ಸಿಕ್ಕಿಬೀಳುತ್ತದೆ, ಹಳೆಯದು ಇದ್ದ ಹಾಗೇ ಇರುತ್ತದೆ.

ಕ್ಲಾಸುಗಳದ್ದು ಇನ್ನೊಂದು ಪುರಾಣ. ‘ಲಾಟು’ ಎಂಬ ಕ್ಲಾಸಿನಿಂದ ಬೆಳಿಗ್ಗೆ ಹುಟ್ಟಿದ ಇಪ್ಪತ್ತು ಲಾಟು ಇವೆ ಎನ್ನಿ. ರೀಲೋಡ್ ಆದಮೇಲೆ ‘ಲಾಟು’ ಎಂಬ ಅದೇ ಹೆಸರಿನ, ಆದರೆ ಬೇರೆಯೇ ಕ್ಲಾಸು ಹುಟ್ಟಿರುತ್ತದೆ. ಇದು ಲಾಟೇ ಎಂದು ಬೆಳಗಿನ ಲಾಟು ತೋರಿಸಿ ಕೇಳಿದರೆ ಪೈಥಾನ್ ಅಲ್ಲ ಎನ್ನುತ್ತದೆ. ಅದರ ಮಟ್ಟಿಗೆ ಅದು ಸತ್ಯವೇ. ಇದನ್ನು ಅನುಭವಿಸಿದ ಮೇಲೆ ಲಾಟುಗಳನ್ನು ಬರೀ ಡಿಕ್ಷನರಿಯಾಗಿ ಇಟ್ಟೆ. ಬದಲಾಗುವ ಫೈಲುಗಳಲ್ಲಿ ಫಂಕ್ಷನ್ ಬಿಟ್ಟು ಬೇರೇನೂ ಇಡುವುದಿಲ್ಲ. ಹಾಜರಿ ಪುಸ್ತಕದಿಂದ ಹೆಸರನ್ನೇ ಅಳಿಸಿ ಮತ್ತೆ ಇಂಪೋರ್ಟ್ ಮಾಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಆಗ ಹೊಸ ಭರಣಿಯೇನೋ ಬರುತ್ತದೆ, ಹಳೆಯದನ್ನು ಹಿಡಿದುಕೊಂಡವರು ಹಿಡಿದುಕೊಂಡೇ ಇರುತ್ತಾರೆ.

ಕೊನೆಗೆ ನಾನು ರೀಲೋಡ್ ಬಿಟ್ಟೇಬಿಟ್ಟೆ. ಈಗ ಮಾಡುವುದು ಹೀಗೆ. ತಿದ್ದಿದ ಫೈಲಿನ ಜಾಗ ಹೇಳಿ ನಾನೇ ಒಂದು ಚೀಟಿ ಬರೆಸುತ್ತೇನೆ, ಅದರಿಂದ ಹೊಸ ಹೆಸರಿನ ಖಾಲಿ ಮಾಡ್ಯೂಲು ಮಾಡಿಸುತ್ತೇನೆ, ಅದರೊಳಗೆ ಫೈಲು ಓಡಿಸುತ್ತೇನೆ. ಈ ಮೂರಕ್ಕೂ ಇಂಪೋರ್ಟ್‌ಲಿಬ್ ಒಳಗೇ ಸಲಕರಣೆ ಇದೆ. ಈ ದಾರಿಯಲ್ಲಿ ಹಾಜರಿ ಪುಸ್ತಕಕ್ಕೆ ಅದು ತಾನಾಗಿ ಸೇರುವುದಿಲ್ಲ; ನನಗೂ ಅದೇ ಬೇಕು. ಆಮೇಲೆ ಹಳೆಯ ನಾಲ್ಕು ಲಾಟು ಕೊಟ್ಟು, ಹೊಸ ನಿಯಮದಲ್ಲಿ ಎಷ್ಟು ಬರಬೇಕೆಂದು ಮಾವ ಕೈಯಲ್ಲಿ ಬರೆದಿಟ್ಟ ಮೊತ್ತಕ್ಕೆ ಹೋಲಿಸುತ್ತೇನೆ. ತಾಳೆಯಾದರೆ ಮಾತ್ರ ‘ರಾಶಿ ಎಂದರೆ ಇನ್ನು ಈ ಫಂಕ್ಷನ್’ ಎಂದು ನನ್ನದೇ ಒಂದು ಪಟ್ಟಿಯಲ್ಲಿ ಬದಲಿಸುವುದು. ಇಲ್ಲವಾದರೆ ಹೊಸದನ್ನು ಬಿಸಾಡಿ ಹಳೆಯದರಲ್ಲೇ ಮುಂದುವರಿಯುವುದು. ಬದಲಿಸುವ ಕ್ಷಣದಲ್ಲಿ ಯಾವುದಾದರೂ ಲಾಟು ಲೆಕ್ಕದ ನಡುವೆ ಇದ್ದರೆ ಅದು ಹಳೇ ಫಂಕ್ಷನ್ನಿನಲ್ಲೇ ಮುಗಿಯುತ್ತದೆ. ರೈತನಿಗೂ ಅದೇ ನ್ಯಾಯ.

ಎರಡು ಚಿಲ್ಲರೆ ಎಚ್ಚರಿಕೆಗಳು. ಪ್ರೋಗ್ರಾಂ ಓಡುತ್ತಿರುವಾಗಲೇ ಹುಟ್ಟಿದ ಫೈಲು ಕೆಲವೊಮ್ಮೆ ‘ಇಲ್ಲ’ ಎಂದು ಬರುತ್ತದೆ, ಏಕೆಂದರೆ ಹುಡುಕುವವನು ಫೋಲ್ಡರಿನ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡಿರುತ್ತಾನೆ. ಅದನ್ನು ಮರೆಸಲು ಇನ್‌ವ್ಯಾಲಿಡೇಟ್ ಕ್ಯಾಶಸ್ ಎಂಬ ಫಂಕ್ಷನ್ ಮೊದಲು ಕರೆಯಬೇಕು. ಎರಡನೆಯದು ಇನ್ನೂ ತಮಾಷೆ. ಪೈಥಾನ್ ಓದಿದ ಫೈಲಿನ ಅರೆಬೇಯಿಸಿದ ರೂಪವನ್ನು ಪೈಕ್ಯಾಶ್ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಮೂಲ ಬದಲಾಗಿದೆಯೇ ಎಂದು ತಿಳಿಯಲು ಅದು ಮಾಮೂಲಾಗಿ ನೋಡುವುದು ಎರಡೇ: ತಿದ್ದಿದ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ, ಮತ್ತು ಫೈಲಿನ ಗಾತ್ರ. 2 ಇದ್ದಲ್ಲಿ 3 ಮಾಡಿದರೆ ಗಾತ್ರ ಬದಲಾಗುವುದಿಲ್ಲ. ಅದೇ ಸೆಕೆಂಡಿನಲ್ಲಿ ಬರೆದು, ಓದಿಸಿ, ಮತ್ತೆ ತಿದ್ದಿದರೆ ಹಳೆಯದೇ ಬರಬಹುದು. ಕೈಯಲ್ಲಿ ತಿದ್ದುವವರಿಗೆ ಈ ಭಯವಿಲ್ಲ, ಸ್ಕ್ರಿಪ್ಟಿನಿಂದ ತಿದ್ದಿಸುವವರಿಗೆ ಇದೆ.

ಬೇರೆ ಭಾಷೆಗಳಲ್ಲೂ ಕತೆ ಹೆಚ್ಚು ಕಡಿಮೆ ಇದೇ, ಪುಸ್ತಕದ ಹೆಸರು ಬೇರೆ. ಲುವಾದಲ್ಲಿ ಅದು ಪ್ಯಾಕೇಜ್ ಡಾಟ್ ಲೋಡೆಡ್; ಅಲ್ಲಿಂದ ಹೆಸರು ತೆಗೆದು ಮತ್ತೆ ರಿಕ್ವೈರ್ ಎಂದರೆ ಹೊಸದಾಗಿ ಓದುತ್ತದೆ. ರೂಬಿಯಲ್ಲಿ ರಿಕ್ವೈರ್ ಒಮ್ಮೆ ಮಾತ್ರ ಓದುತ್ತದೆ, ಲೋಡ್ ಕರೆದಾಗಲೆಲ್ಲ ಓದುತ್ತದೆ. ಜಾವಾಸ್ಕ್ರಿಪ್ಟಿಗೆ 2020ರ ಭಾಷಾ ಮಾನದಂಡದಲ್ಲಿ ಫಂಕ್ಷನ್ನಿನಂತೆ ಕರೆಯುವ ಇಂಪೋರ್ಟ್ ಬಂತು. ಅದು ಮಾಡ್ಯೂಲನ್ನು ತಕ್ಷಣ ಕೊಡದೆ ಆಮೇಲೆ ಕೊಡುವ ಮಾತು ಕೊಡುತ್ತದೆ.

ಮಾವನಿಗೆ ಹೇಳಲೇಬೇಕಾದ ಒಂದು ವಿಷಯ ಉಳಿದಿತ್ತು. ಇಂಪೋರ್ಟ್ ಎಂದರೆ ಬರೀ ಓದುವುದಲ್ಲ, ಓಡಿಸುವುದು. ಫೈಲು ತೆರೆದ ಕ್ಷಣವೇ ಅದರಲ್ಲಿ ಬರೆದದ್ದು ನಡೆದುಹೋಗಿರುತ್ತದೆ. ಆದ್ದರಿಂದ ‘ನಿಯಮ’ ಫೋಲ್ಡರಿಗೆ ಬರೆಯಬಲ್ಲವರೆಲ್ಲ ಆ ಪ್ರೋಗ್ರಾಮಿನ ಒಡೆಯರೇ. ಪರದೆಯಲ್ಲಿ ಯಾರೋ ಟೈಪ್ ಮಾಡಿದ ಹೆಸರನ್ನು ನೇರವಾಗಿ ಇಂಪೋರ್ಟಿಗೆ ಕೊಡಲೇಬಾರದು. ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ ಇದ್ದರೆ ಮಾತ್ರ. ಮಂಡಿಯಲ್ಲಿ ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಗುವುದನ್ನು ನೋಡಿ ಆ ಫೋಲ್ಡರಿಗೆ ಬರೆಯುವ ಅನುಮತಿಯನ್ನು ಒಂದೇ ಖಾತೆಗೆ ಬಿಟ್ಟೆ.

“ಹಂಗಾದ್ರೆ ಆ ಕೀಲಿ ಯಾರ ಹತ್ರ ಇರ್ತದೆ?” ಎಂದರು ಮಾವ.

“ನಿಮ್ಮ ಹತ್ರನೇ, ಮಾವ.”

ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದಾರೆ. ಆ ಚೀಟಿ ತೆಗೆಸುವ ಮಾತುಕತೆ ಇನ್ನೂ ನಡೆಯುತ್ತಿದೆ.